ಮರಣಶಾಸನಕ್ಕೆ ಬೇಕಾದ ಬುದ್ಧಿ

ನಮ್ಮಲ್ಲಿ ಬರೆಯುವ ಮರಣಶಾಸನಗಳಲ್ಲೆಲ್ಲ ಮೊದಲ ಕೆಲವು ಪಂಕ್ತಿಗಳೊಳಗೆ ಒಂದು ವಾಕ್ಯ ತಪ್ಪದೆ ಬರುತ್ತದೆ: ಸ್ವಸ್ಥಬುದ್ಧಿಯಿಂದಲೂ ಸ್ಥಿರಚಿತ್ತದಿಂದಲೂ, ಯಾರ ಬಲಾತ್ಕಾರವಾಗಲಿ ಪ್ರೇರಣೆಯಾಗಲಿ ಇಲ್ಲದೆ, ಸ್ವಂತ ಇಚ್ಛೆಯಿಂದ ಬರೆಯಿಸಿದ್ದು ಎಂಬುದಾಗಿ. ಈ ಮಾತನ್ನು ಬರೆಯಿಸುವವನು ತಾನಾಗಿ ಹೇಳಿರುವುದು ಅಪೂರ್ವ. ದಸ್ತಾವೇಜು ಬರೆಯುವವನ ಲೇಖನಿಗೆ ಅದು ಅಭ್ಯಾಸವಾಗಿಬಿಟ್ಟಿದೆ. ಗಟ್ಟಿಮುಟ್ಟಾದ ಐವತ್ತು ವರ್ಷದ ವರ್ತಕನ ಪತ್ರದಲ್ಲಿಯೂ ಅದೇ ವಾಕ್ಯ. ಮಾತು ನಿಂತು ಹಾಸಿಗೆ ಹಿಡಿದವನ ಹೆಬ್ಬೆರಳನ್ನು ಮತ್ತೊಬ್ಬರು ಹಿಡಿದು ಒತ್ತಿಸಿದ ಪತ್ರದಲ್ಲಿಯೂ ಅದೇ ವಾಕ್ಯ. ಎಲ್ಲ ಪತ್ರಗಳಲ್ಲಿಯೂ ಇರುವ ಮಾತು ಯಾವುದೊಂದು ಪತ್ರಕ್ಕೂ ಸಾಕ್ಷಿಯಾಗಲಾರದು. ಹಾಗಾದರೆ ಈ ಸ್ವಸ್ಥಬುದ್ಧಿಯೆಂಬುದು ಯಾವುದು? ಎಷ್ಟು ಬುದ್ಧಿಯಿದ್ದರೆ ಮನುಷ್ಯನು ತನ್ನ ಆಸ್ತಿಯನ್ನು ತನ್ನ ಮರಣಾನಂತರಕ್ಕೆ ವಿನಿಯೋಗಿಸಬಲ್ಲನು? ಇದೇ ಈ ಹೊತ್ತಿನ ವಿಚಾರ.

ನಾನು ವಕೀಲನಲ್ಲ, ವೈದ್ಯನೂ ಅಲ್ಲ. ಕಾಲೇಜಿನಲ್ಲಿ ಪಾಠ ಹೇಳುವವನು. ಆದರೆ ಈ ಪ್ರಶ್ನೆ ನ್ಯಾಯಸ್ಥಾನದ ಕಟ್ಟೆಯನ್ನು ಮುಟ್ಟುವುದಕ್ಕೆ ಬಹಳ ಮೊದಲೇ ನಮ್ಮ ನಿಮ್ಮ ಮನೆಯ ನಡುಮನೆಯಲ್ಲಿ ಹುಟ್ಟುತ್ತದೆ. ಮನೆಯಲ್ಲಿ ವೃದ್ಧರಿರುವ ಯಾರೂ ಇದನ್ನು ವಕೀಲರ ಸ್ವತ್ತೆಂದು ಬಿಟ್ಟುಬಿಡುವಂತಿಲ್ಲ.

ಮರಣಶಾಸನವು ಇತರ ಪತ್ರಗಳಂತಲ್ಲ. ಕ್ರಯಪತ್ರ ಬರೆದುಕೊಟ್ಟವನನ್ನು ಕರೆದು, ನೀನು ತಿಳಿದು ಬರೆದೆಯೋ ತಿಳಿಯದೆ ಬರೆದೆಯೋ ಎಂದು ಕೇಳಬಹುದು. ಮರಣಶಾಸನ ಮಾತನಾಡಲು ತೊಡಗುವುದು ಅದನ್ನು ಬರೆದವನು ಮೌನವಾದ ಮೇಲೆ. ಆದ್ದರಿಂದ ಅಲ್ಲಿ ಎರಡು ಬಗೆಯ ಅನ್ಯಾಯಕ್ಕೆ ಅವಕಾಶವುಂಟು. ಬುದ್ಧಿ ಕೆಲಸ ಮಾಡದ ಕಾಲದಲ್ಲಿ ಯಾರೋ ಬರೆಯಿಸಿಕೊಂಡ ಪತ್ರವನ್ನು ಅವನ ಇಚ್ಛೆಯೆಂದು ನಡಸುವುದು ಒಂದು. ಬುದ್ಧಿ ಸರಿಯಾಗಿದ್ದಾಗ ಅವನು ಬರೆದದ್ದನ್ನು, ಮುದುಕನಿಗೆ ತಲೆ ಕೆಟ್ಟಿತ್ತು ಎಂದು ಹೇಳಿ ಅಳಿಸಿಹಾಕುವುದು ಇನ್ನೊಂದು. ಮೊದಲನೆಯದನ್ನು ಲೋಕವೆಲ್ಲ ಮೋಸವೆಂದು ಗುರುತಿಸುತ್ತದೆ. ಎರಡನೆಯದು ಅಷ್ಟೇ ದೊಡ್ಡ ಅಪಹಾರವಾದರೂ ನಮಗೆ ಅಷ್ಟಾಗಿ ತೋರುವುದಿಲ್ಲ. ಅರುವತ್ತಕ್ಕೆ ಅರಳುಮರಳು ಎಂಬ ಗಾದೆಯೊಂದು ನಮ್ಮ ಬಾಯಲ್ಲಿ ಸಿದ್ಧವಾಗಿಯೇ ಇದೆಯಷ್ಟೆ. ಈ ಎರಡು ಅನ್ಯಾಯಗಳ ನಡುವೆ ದಾರಿ ಹುಡುಕುವುದೇ ನ್ಯಾಯಶಾಸ್ತ್ರದ ಪ್ರಯತ್ನ.

ಆ ದಾರಿಯನ್ನು ಸ್ಪಷ್ಟವಾಗಿ ತೋರಿಸಿದ ಒಂದು ಮೊಕದ್ದಮೆಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಇಂಗ್ಲೆಂಡಿನ ಉತ್ತರಭಾಗದಲ್ಲಿ, ಕಂಬರ್‌ಲೆಂಡ್ ಸೀಮೆಯಲ್ಲಿ, ಜಾನ್ ಬ್ಯಾಂಕ್ಸ್ ಎಂಬೊಬ್ಬನಿದ್ದನು. ಅವಿವಾಹಿತ, ಅಪಸ್ಮಾರದ ರೋಗಿ. ೧೮೪೧ರಲ್ಲಿ ಅವನನ್ನು ಕೆಲವು ತಿಂಗಳು ಹುಚ್ಚರ ಆಸ್ಪತ್ರೆಯಲ್ಲಿ ಇರಿಸಿದ್ದರು. ಅಲ್ಲಿಂದ ಬಂದ ಮೇಲೆಯೂ ಎರಡು ಭ್ರಾಂತಿಗಳು ಅವನನ್ನು ಬಿಡಲಿಲ್ಲ. ದೆವ್ವಗಳು ತನ್ನನ್ನು ಅಟ್ಟಿಸಿಕೊಂಡು ಬರುತ್ತವೆಂಬುದು ಒಂದು. ಎಂದೋ ಸತ್ತುಹೋಗಿದ್ದ ಫೆದರ್‌ಸ್ಟನ್ ಅಲೆಗ್ಸಾಂಡರ್ ಎಂಬ ಅಂಗಡಿಕಾರನು ತನ್ನನ್ನು ಪೀಡಿಸುತ್ತಿದ್ದಾನೆಂಬುದು ಮತ್ತೊಂದು. ಆ ಹೆಸರನ್ನು ಯಾರಾದರೂ ಎತ್ತಿದರೆ ಸಾಕು, ಅವನು ಉದ್ರಿಕ್ತನಾಗುತ್ತಿದ್ದನು. ಇಷ್ಟನ್ನು ಬಿಟ್ಟರೆ ಅವನು ಹಣದ ವಿಷಯದಲ್ಲಿ ಎಚ್ಚರಿಕೆಯ ಮನುಷ್ಯ. ಅವನಿಗೆ ಹದಿನೈದು ಮನೆಗಳಿದ್ದವು. ೧೮೬೩ರಲ್ಲಿ ಅವನು ಮರಣಶಾಸನ ಮಾಡಿ, ತನ್ನ ಜೊತೆಯಲ್ಲಿಯೇ ವಾಸವಾಗಿದ್ದ ಸೋದರಿಯ ಮಗಳು ಮಾರ್ಗರೆಟ್ ಗುಡ್‌ಫೆಲೋ ಎಂಬುವಳಿಗೆ ತನ್ನದೆಲ್ಲವನ್ನೂ ಬರೆದನು. ೧೮೬೫ರಲ್ಲಿ ಅವನು ಸತ್ತನು. ಆ ಹುಡುಗಿಯೂ ಪ್ರಾಪ್ತವಯಸ್ಕಳಾಗುವ ಮೊದಲೇ ತೀರಿಕೊಂಡಳು. ಆಸ್ತಿ ಅವಳ ಕಡೆಯ ವಾರಸುದಾರನ ಕೈಗೆ, ಎಂದರೆ ಬ್ಯಾಂಕ್ಸನಿಗೆ ರಕ್ತಸಂಬಂಧವೇ ಇಲ್ಲದವನ ಕೈಗೆ ಹೋಯಿತು. ಆಗ ಬ್ಯಾಂಕ್ಸನ ಮಲಸಹೋದರನ ಮಗನು ದಾವೆ ಹೂಡಿದನು: ಮರಣಶಾಸನ ಮಾಡಿದವನು ಹುಚ್ಚ, ಆದಕಾರಣ ಶಾಸನ ಅಸಿಂಧು, ಆಸ್ತಿ ನನ್ನದು ಎಂದು.

ಆ ಕಾಲಕ್ಕೆ ಇಂಗ್ಲಿಷ್ ನ್ಯಾಯಸ್ಥಾನಗಳಲ್ಲಿ ಪ್ರಬಲವಾಗಿದ್ದ ಅಭಿಪ್ರಾಯ ದಾವೆ ಹೂಡಿದವನ ಪರವಾಗಿಯೇ ಇತ್ತು. ಮನಸ್ಸು ಒಂದು, ಅವಿಭಾಜ್ಯ. ಒಂದು ವಿಷಯದಲ್ಲಿ ಅದು ರೋಗಗ್ರಸ್ತವಾಯಿತೆಂದರೆ ಉಳಿದ ವಿಷಯಗಳಲ್ಲಿಯೂ ಅದನ್ನು ನಂಬುವಂತಿಲ್ಲ ಎಂದು ೧೮೪೮ರಲ್ಲಿ ಲಾರ್ಡ್ ಬ್ರೂಂ ತೀರ್ಮಾನಿಸಿದ್ದನು. ಬಿರುಕು ಬಿಟ್ಟ ಗಡಿಗೆ ಎಲ್ಲಿ ಬಿರುಕು ಬಿಟ್ಟರೇನು, ನೀರು ನಿಲ್ಲುವುದಿಲ್ಲ ಎಂಬಂತೆ. ಕೇಳುವುದಕ್ಕೆ ಇದು ತರ್ಕಬದ್ಧವಾಗಿಯೇ ಇದೆ. ಆದರೆ ಲೋಕಾನುಭವ ಹಾಗಿಲ್ಲ.

೧೮೭೦ರಲ್ಲಿ ಪ್ರಧಾನ ನ್ಯಾಯಾಧಿಪತಿಯಾಗಿದ್ದ ಸರ್ ಅಲೆಗ್ಸಾಂಡರ್ ಕಾಕ್‌ಬರ್ನ್ ಈ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟನು. ಮನಸ್ಸು ಅವಿಭಾಜ್ಯವೋ ಅಲ್ಲವೋ ಎಂಬ ತತ್ತ್ವಜಿಜ್ಞಾಸೆಗೆ ಅವನು ಕಟ್ಟುಬೀಳಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನೇ ಬದಲಾಯಿಸಿದನು. ಈ ಮನಸ್ಸು ಸರ್ವಾಂಗದಲ್ಲಿಯೂ ಆರೋಗ್ಯವಾಗಿದೆಯೇ ಎಂದು ಕೇಳಬೇಡಿ; ಈ ಒಂದು ಕೆಲಸಕ್ಕೆ, ಮರಣಶಾಸನ ಮಾಡುವ ಕೆಲಸಕ್ಕೆ, ಅದು ಸಾಕಾಗಿತ್ತೇ ಎಂದು ಕೇಳಿ. ದೆವ್ವಗಳ ಭ್ರಾಂತಿಗೂ ಮಾರ್ಗರೆಟಳಿಗೆ ಮನೆಗಳನ್ನು ಬರೆದುದಕ್ಕೂ ಏನು ಸಂಬಂಧ? ದೆವ್ವಗಳು ಅವಳಿಗೆ ಕೊಡು ಎಂದೂ ಹೇಳಿರಲಿಲ್ಲ, ಬೇರೆಯವರಿಗೆ ಕೊಡಬೇಡ ಎಂದೂ ಹೇಳಿರಲಿಲ್ಲ. ತನ್ನ ಜೊತೆಯಲ್ಲಿದ್ದ ಸೋದರಿಯ ಮಗಳಿಗೆ ಕೊಡುವುದು ಯಾವ ಸ್ವಸ್ಥನಾದರೂ ಮಾಡಬಹುದಾದ ಕೆಲಸ. ಜ್ಯೂರಿಯವರು ಮರಣಶಾಸನ ಸಿಂಧುವೆಂದು ಹೇಳಿದ್ದರು. ನ್ಯಾಯಸ್ಥಾನ ಅದನ್ನು ಎತ್ತಿಹಿಡಿಯಿತು. ಒಂದೂವರೆ ಶತಮಾನ ಕಳೆದ ಮೇಲೆಯೂ ಇಂಗ್ಲೆಂಡಿನಲ್ಲಿಯೂ ನಮ್ಮಲ್ಲಿಯೂ ಇಂಥ ವಿವಾದ ಬಂದಾಗ ವಕೀಲರು ಮೊದಲು ತೆರೆಯುವ ಪುಟಗಳಲ್ಲಿ ಇದೂ ಒಂದು.

ಆ ತೀರ್ಪಿನಿಂದ ಹೊರಡುವ ಲಕ್ಷಣಗಳು ನಾಲ್ಕು. ಒಂದನೆಯದು, ತಾನು ಮಾಡುತ್ತಿರುವ ಕಾರ್ಯ ಎಂಥದು, ಅದರ ಫಲವೇನು ಎಂಬ ತಿಳಿವಳಿಕೆ. ಇದು ನಾನು ಸತ್ತ ಮೇಲೆ ನಡೆಯುವ ಏರ್ಪಾಡು ಎಂಬ ಅರಿವು. ಎರಡನೆಯದು, ತನಗೆ ಇರುವ ಆಸ್ತಿ ಎಷ್ಟು ಎಂಬುದರ ಸ್ಥೂಲವಾದ ಜ್ಞಾನ. ಕಾಸುಕಾಸಿನ ಲೆಕ್ಕ ಬೇಕಿಲ್ಲ. ಮನೆಯುಂಟು, ಜಮೀನುಂಟು, ಬ್ಯಾಂಕಿನಲ್ಲಿ ಇಷ್ಟು ಹಣವುಂಟು ಎಂಬಷ್ಟು ಸಾಕು. ಮೂರನೆಯದು, ತನ್ನ ಮೇಲೆ ಹಕ್ಕೋ ನಿರೀಕ್ಷೆಯೋ ಉಳ್ಳವರು ಯಾರು ಯಾರು ಎಂಬುದನ್ನು ಮನಸ್ಸಿಗೆ ತಂದುಕೊಂಡು ತೂಗಿನೋಡುವ ಶಕ್ತಿ. ಕೊಡಲೇಬೇಕೆಂದಿಲ್ಲ, ಆದರೆ ಯಾರಿಗೆ ಕೊಡದೆ ಬಿಡುತ್ತಿದ್ದೇನೆ ಎಂಬುದು ತಿಳಿದಿರಬೇಕು. ನಾಲ್ಕನೆಯದು, ಮನೋರೋಗವು ಅವನ ಪ್ರೀತಿವಿಶ್ವಾಸಗಳಿಗೆ ವಿಷವಿಕ್ಕಿ, ನ್ಯಾಯಾನ್ಯಾಯ ಬುದ್ಧಿಯನ್ನು ತಿರುಚಿ, ಸ್ವಸ್ಥನಾಗಿದ್ದರೆ ಮಾಡದಿದ್ದ ವಿನಿಯೋಗವನ್ನು ಮಾಡಿಸಿರಬಾರದು.

ಈ ನಾಲ್ಕರಲ್ಲಿ ಏನೇನು ಇಲ್ಲ ಎಂಬುದನ್ನೂ ಗಮನಿಸಬೇಕು. ಮರಣಶಾಸನ ವಿವೇಕಯುತವಾಗಿರಬೇಕೆಂದು ಇಲ್ಲಿ ಹೇಳಿಲ್ಲ. ಉದಾರವಾಗಿರಬೇಕೆಂದಿಲ್ಲ. ಮಕ್ಕಳೆಲ್ಲರಿಗೂ ಸಮನಾಗಿ ಹಂಚಬೇಕೆಂದೂ ಇಲ್ಲ. ಸಿಡುಕನೂ ಪಕ್ಷಪಾತಿಯೂ ವಿಚಿತ್ರಸ್ವಭಾವದವನೂ ಮರಣಶಾಸನ ಮಾಡಬಹುದು. ತನ್ನ ಸ್ವಯಾರ್ಜಿತವನ್ನೆಲ್ಲ ಒಂದು ಗೋಶಾಲೆಗೆ ಬರೆದವನನ್ನು ಮಕ್ಕಳು ಹುಚ್ಚನೆನ್ನಬಹುದು, ಕಾಯಿದೆ ಹಾಗೆನ್ನುವುದಿಲ್ಲ. ನಮಗೆ ಒಪ್ಪದ ಇಚ್ಛೆ ಇಚ್ಛೆಯೇ ಅಲ್ಲವೆಂದು ಹೇಳುವ ಅಧಿಕಾರ ನಮಗಿಲ್ಲ.

ನಾಲ್ಕನೆಯ ಲಕ್ಷಣವನ್ನು ತಿಳಿಯಲು ಮತ್ತೊಂದು ಮೊಕದ್ದಮೆ ನೆರವಾಗುತ್ತದೆ. ಇದು ೧೮೨೬ರದು. ಈಲೈ ಸ್ಟಾಟ್ ಎಂಬವನು ವೈದ್ಯವೃತ್ತಿಯಲ್ಲಿದ್ದವನು. ವ್ಯವಹಾರದಲ್ಲಿ ಜಾಣ, ಹಣ ಸಂಪಾದಿಸಿದ್ದವನು. ಅವನನ್ನು ಹುಚ್ಚನೆಂದು ಊರಿನಲ್ಲಿ ಯಾರೂ ಎಣಿಸುವಂತಿರಲಿಲ್ಲ. ಆದರೆ ತನ್ನ ಒಬ್ಬಳೇ ಮಗಳು ಹುಟ್ಟಿನಿಂದಲೇ ಅಸಾಧಾರಣ ದುಷ್ಟಳು, ಪಾಪದ ಮೂರ್ತಿ ಎಂಬ ಗಾಢವಾದ ನಂಬಿಕೆ ಅವನಲ್ಲಿ ಬೇರುಬಿಟ್ಟಿತ್ತು. ಅವಳೋ ಸದ್ಗುಣಿಯೆಂದು ಕಂಡವರೆಲ್ಲ ಸಾಕ್ಷಿ ಹೇಳಿದರು. ತನ್ನ ಆಸ್ತಿಯ ಬಹುಭಾಗವನ್ನು ಅವನು ಬೇರೆ ಬಂಧುಗಳಿಗೆ ಬರೆದನು. ನ್ಯಾಯಾಧಿಪತಿ ಸರ್ ಜಾನ್ ನಿಕೋಲ್ ಆ ಶಾಸನವನ್ನು ತಳ್ಳಿಹಾಕಿದನು. ಬ್ಯಾಂಕ್ಸನನ್ನೂ ಸ್ಟಾಟನನ್ನೂ ಹತ್ತಿರ ಹತ್ತಿರ ನಿಲ್ಲಿಸಿ ನೋಡಿ. ದೆವ್ವಗಳನ್ನು ಕಂಡವನ ಶಾಸನ ನಿಂತಿತು. ಲೋಕದ ಕಣ್ಣಿಗೆ ಬುದ್ಧಿವಂತನಾಗಿದ್ದವನ ಶಾಸನ ಬಿತ್ತು. ಭ್ರಾಂತಿಯ ದೊಡ್ಡತನ ಇಲ್ಲಿ ಮುಖ್ಯವಲ್ಲ. ಅದು ಶಾಸನದೊಳಕ್ಕೆ ಕೈಯಿಟ್ಟಿತೋ ಇಲ್ಲವೋ ಎಂಬುದು ಮುಖ್ಯ.

ಇದು ದೂರದೇಶದ ಹಳೆಯ ಕಥೆಯೆಂದು ಭಾವಿಸಬೇಡಿ. ವೃದ್ಧಾಪ್ಯದ ಮರೆವಿನ ರೋಗ ಬಲಿತಾಗ, ತಮ್ಮ ವಸ್ತುಗಳನ್ನು ಯಾರೋ ಕದಿಯುತ್ತಿದ್ದಾರೆಂಬ ಭ್ರಾಂತಿ ಹುಟ್ಟುವುದು ಸಾಮಾನ್ಯವೆಂಬುದನ್ನು ವೈದ್ಯರು ಬಲ್ಲರು. ಅಜ್ಜಿ ತನ್ನ ಬಳೆಯನ್ನು ಅಕ್ಕಿಯ ಡಬ್ಬದಲ್ಲಿ ತಾನೇ ಬಚ್ಚಿಟ್ಟು ಮರೆಯುತ್ತಾಳೆ. ಬಳೆ ಕಾಣದೆ ಹೋದಾಗ ಸೊಸೆ ಕದ್ದಳೆಂದು ನಿಶ್ಚಯಿಸುತ್ತಾಳೆ. ಬಳೆ ಸಿಕ್ಕಿದ ಮೇಲೆಯೂ ಸೊಸೆಯೇ ಹೆದರಿ ತಂದಿಟ್ಟಳೆನ್ನುತ್ತಾಳೆ. ಯಾವ ಪ್ರಮಾಣಕ್ಕೂ ಜಗ್ಗದ ಈ ನಂಬಿಕೆಯ ಮೇಲೆ ಅವಳು ಹಿರಿಯ ಮಗನನ್ನು ಶಾಸನದಿಂದ ಹೊರಗಿಟ್ಟರೆ, ಅಲ್ಲಿ ಇಚ್ಛೆಪಟ್ಟದ್ದು ಅಜ್ಜಿಯಲ್ಲ, ರೋಗ. ಅದೇ ಸೊಸೆ ನಿಜವಾಗಿಯೂ ಹತ್ತು ವರ್ಷ ಮುಖ ಕೊಟ್ಟು ಮಾತನಾಡದೆ ಇದ್ದು, ಅತ್ತೆ ಅದನ್ನು ಹತ್ತರಷ್ಟು ಮಾಡಿ ನೊಂದುಕೊಂಡು ಹಾಗೆ ಬರೆದರೆ, ಅದು ಕೋಪ; ಅತಿಯಾದ ಕೋಪವೇ ಇರಬಹುದು, ಆದರೆ ಹುಚ್ಚಲ್ಲ.

ಇನ್ನು ನಮ್ಮ ದೇಶದ ಕಾಯಿದೆ. ನಮ್ಮ ಪ್ರಾಚೀನ ಧರ್ಮಶಾಸ್ತ್ರಗಳಲ್ಲಿ ದಾಯವಿಭಾಗದ ವಿಚಾರ ಹೇರಳವಾಗಿದ್ದರೂ ಇಂದಿನ ಅರ್ಥದ ಮರಣಶಾಸನಕ್ಕೆ ಸ್ಥಾನವಿರಲಿಲ್ಲ. ೧೮೬೫ರ ಉತ್ತರಾಧಿಕಾರದ ಕಾಯಿದೆಯೂ, ಅದರ ಹಲವು ಪ್ರಕರಣಗಳನ್ನು ಕೆಲವು ಪ್ರಾಂತಗಳ ಹಿಂದೂಗಳಿಗೆ ಅನ್ವಯಿಸಿದ ೧೮೭೦ರ ಕಾಯಿದೆಯೂ ಅದನ್ನು ಕ್ರಮಕ್ಕೆ ತಂದವು. ಈಗ ನಡೆಯುವುದು ೧೯೨೫ರ ಭಾರತೀಯ ಉತ್ತರಾಧಿಕಾರದ ಕಾಯಿದೆ. ಅವಿಭಕ್ತ ಕುಟುಂಬದಲ್ಲಿ ಪಾಲುದಾರನಾದ ಹಿಂದೂವಿಗೆ ತನ್ನ ಪಾಲನ್ನು ಮರಣಶಾಸನದಿಂದ ಕೊಡುವ ಅಧಿಕಾರ ದೊರೆತದ್ದು ೧೯೫೬ರಲ್ಲಿ. ಮುಸಲ್ಮಾನರಿಗೆ ಅವರ ಧರ್ಮಶಾಸ್ತ್ರದ ವಿಧಿಗಳೇ ಬೇರೆಯಿವೆ.

೧೯೨೫ರ ಕಾಯಿದೆಯ ೫೯ನೆಯ ಪ್ರಕರಣ ಚಿಕ್ಕದು. ಅಪ್ರಾಪ್ತವಯಸ್ಕನಲ್ಲದ, ಸ್ವಸ್ಥಚಿತ್ತನಾದ ಪ್ರತಿಯೊಬ್ಬನೂ ತನ್ನ ಆಸ್ತಿಯನ್ನು ಮರಣಶಾಸನದ ಮೂಲಕ ವಿನಿಯೋಗಿಸಬಹುದು. ಕಿವುಡರಾಗಲಿ ಮೂಕರಾಗಲಿ ಕುರುಡರಾಗಲಿ, ತಾವು ಮಾಡುವುದನ್ನು ಅರಿತವರಾದರೆ ಅಡ್ಡಿಯಿಲ್ಲ. ಸಾಮಾನ್ಯವಾಗಿ ಬುದ್ಧಿಭ್ರಮಣೆಯುಳ್ಳವನು ಕೂಡ ಬುದ್ಧಿ ತಿಳಿಯಾಗಿರುವ ಅವಧಿಯಲ್ಲಿ ಶಾಸನ ಮಾಡಬಹುದು. ಆದರೆ ಮದ್ಯದಿಂದಾಗಲಿ ರೋಗದಿಂದಾಗಲಿ ಬೇರೆ ಯಾವ ಕಾರಣದಿಂದಾಗಲಿ ತಾನೇನು ಮಾಡುತ್ತಿದ್ದೇನೆಂಬುದೇ ತಿಳಿಯದ ಸ್ಥಿತಿಯಲ್ಲಿ ಮಾಡಲಾಗದು.

ಪ್ರಕರಣಕ್ಕಿಂತ ಅದರ ಕೆಳಗೆ ಕೊಟ್ಟಿರುವ ಉದಾಹರಣೆಗಳು ಹೆಚ್ಚು ಬೋಧಪ್ರದವಾಗಿವೆ. ಒಬ್ಬನು ತನ್ನ ಸುತ್ತಮುತ್ತ ನಡೆಯುವುದನ್ನು ಗ್ರಹಿಸುತ್ತಾನೆ, ಪರಿಚಿತವಾದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾನೆ. ಆದರೆ ಆಸ್ತಿಯ ಸ್ವರೂಪವಾಗಲಿ, ಬಂಧುಗಳು ಯಾರೆಂಬುದಾಗಲಿ, ಯಾರಿಗೆ ಕೊಡುವುದು ಯುಕ್ತವೆಂಬುದಾಗಲಿ ಅವನಿಗೆ ಸಾಕಷ್ಟು ತಿಳಿಯದು. ಅವನು ಶಾಸನ ಮಾಡಲಾರನು. ಇನ್ನೊಬ್ಬನು ಬಹಳ ಕೃಶನಾಗಿ ನಿಶ್ಶಕ್ತನಾಗಿದ್ದಾನೆ. ಆದರೆ ಆಸ್ತಿಯನ್ನು ಹೇಗೆ ವಿನಿಯೋಗಿಸಬೇಕೆಂದು ನಿರ್ಣಯಿಸಬಲ್ಲನು. ಅವನ ಶಾಸನ ಸಿಂಧು.

ಈ ಎರಡು ಉದಾಹರಣೆಗಳನ್ನು ನಮ್ಮ ಮನೆಗಳಿಗೆ ತಂದುಕೊಳ್ಳೋಣ. ನಿವೃತ್ತರಾದ ಹಿರಿಯರೊಬ್ಬರನ್ನು ಊಹಿಸಿಕೊಳ್ಳಿ. ಶುಭ್ರವಾದ ಪಂಚೆಯುಟ್ಟು ಬಂದವರನ್ನು ಬನ್ನಿ ಕೂತುಕೊಳ್ಳಿ ಎಂದು ಉಪಚರಿಸುತ್ತಾರೆ. ಬಾಲ್ಯದಲ್ಲಿ ಕಲಿತ ಶ್ಲೋಕಗಳನ್ನು ತಡೆಯಿಲ್ಲದೆ ಹೇಳುತ್ತಾರೆ. ಬಂದವರು, ಎಂಥ ಜ್ಞಾಪಕಶಕ್ತಿ ಎಂದು ಮೆಚ್ಚಿಕೊಂಡು ಹೋಗುತ್ತಾರೆ. ಆದರೆ ಇಪ್ಪತ್ತು ವರ್ಷದ ಹಿಂದೆ ಮಾರಿದ ಮನೆ ಇನ್ನೂ ತಮ್ಮದೆಂದೇ ಅವರು ತಿಳಿದಿದ್ದಾರೆ. ಎರಡನೆಯ ಮಗಳೊಬ್ಬಳಿದ್ದಾಳೆಂಬುದು ಅವರ ಮನಸ್ಸಿನಿಂದ ಜಾರಿಹೋಗಿದೆ. ಬಾಯಿಪಾಠವೂ ನಯವಾದ ನಡೆವಳಿಕೆಯೂ ಬುದ್ಧಿ ಕುಗ್ಗಿದ ಎಷ್ಟೋ ಕಾಲದ ಮೇಲೆಯೂ ಉಳಿಯಬಲ್ಲವು. ಇವರು ಶಾಸನ ಮಾಡಲಾರರು. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿಯಿದ್ದಾರೆ. ಮಧ್ಯಾಹ್ನ ಊಟವಾಯಿತೇ ಎಂದರೆ ನೆನಪಿಲ್ಲ, ಮೊಮ್ಮಗನನ್ನು ಮಗನ ಹೆಸರಿನಿಂದ ಕರೆಯುತ್ತಾರೆ, ವಾರವಾವುದೆಂದು ತಿಳಿಯದು. ಆದರೆ ಮನೆ ತನ್ನ ಹೆಸರಿನಲ್ಲಿದೆ, ಮಕ್ಕಳು ಮೂವರು, ಇಬ್ಬರಿಗೆ ಆಗಲೇ ಕೊಡುವಷ್ಟು ಕೊಟ್ಟಾಗಿದೆ, ಗಂಡನಿಲ್ಲದೆ ತವರಿಗೆ ಬಂದಿರುವ ಮಗಳಿಗೆ ನೆರಳು ಬೇಕು ಎಂಬುದನ್ನು ಬಿಡಿಬಿಡಿಯಾಗಿ ಹೇಳಬಲ್ಲರು. ನಾಳೆ ಕೇಳಿದರೂ ಇದನ್ನೇ ಹೇಳುತ್ತಾರೆ. ಇವರು ಶಾಸನ ಮಾಡಬಲ್ಲರು. ನಮ್ಮ ಗಾದೆ ಈ ಅಜ್ಜಿಯನ್ನು ಅರಳುಮರಳೆನ್ನುತ್ತದೆ, ಆ ಹಿರಿಯರನ್ನು ಹೊಗಳುತ್ತದೆ. ಎರಡೂ ಕಡೆ ಗಾದೆ ತಪ್ಪುತ್ತದೆ.

ಕಾಲದ ಪ್ರಶ್ನೆಯೂ ಒಂದುಂಟು. ಬುದ್ಧಿಯನ್ನು ಅಳೆಯಬೇಕಾದದ್ದು ಶಾಸನ ಮಾಡಿದ ಹೊತ್ತಿನಲ್ಲಿ. ಹಿಂದಿನ ವರ್ಷ ಆಸ್ಪತ್ರೆಯಲ್ಲಿದ್ದುದಾಗಲಿ ಮುಂದಿನ ವರ್ಷ ಬುದ್ಧಿ ಕೆಟ್ಟದ್ದಾಗಲಿ ತಾನೇ ನಿರ್ಣಾಯಕವಲ್ಲ. ೧೮೮೩ರ ಒಂದು ತೀರ್ಪು ಇದನ್ನು ಮತ್ತಷ್ಟು ಸೂಕ್ಷ್ಮವಾಗಿ ವಿವೇಚಿಸಿತು. ಮೂತ್ರಪಿಂಡದ ರೋಗದಿಂದ ನರಳುತ್ತಿದ್ದ ತರುಣ ವಿಧವೆಯೊಬ್ಬಳು ಪೂರ್ಣಪ್ರಜ್ಞೆಯಲ್ಲಿ ತನ್ನ ವಕೀಲನಿಗೆ ಎಲ್ಲವನ್ನೂ ವಿವರಿಸಿ ಹೇಳಿದ್ದಳು. ಕರಡು ಸಿದ್ಧವಾಗುವ ವೇಳೆಗೆ ಅವಳು ಅರೆಪ್ರಜ್ಞೆಗೆ ಜಾರಿದ್ದಳು. ಎಚ್ಚರಗೊಳಿಸಿ, ಇದು ನಿಮ್ಮ ಶಾಸನ, ಸಹಿ ಹಾಕಿಸಲೇ ಎಂದು ಕೇಳಿದಾಗ ಹೂಂ ಎಂದಳು. ಅವಳ ಪರವಾಗಿ ಮತ್ತೊಬ್ಬರು ರುಜು ಹಾಕಿದರು. ತಾನು ಮೊದಲು ಹೇಳಿದ್ದನ್ನೇ ಈ ಪತ್ರ ನಡಸುತ್ತದೆ ಎಂಬಷ್ಟು ಅರಿವು ಆ ಕ್ಷಣದಲ್ಲಿದ್ದರೆ ಸಾಕೆಂದು ನ್ಯಾಯಸ್ಥಾನ ಹೇಳಿತು. ಸಿಂಹಳದಿಂದ ಹೋದ ಒಂದು ಅಪೀಲಿನಲ್ಲಿ ೧೯೦೧ರಲ್ಲಿ ಪ್ರಿವಿ ಕೌನ್ಸಿಲ್ ಕೂಡ ಇದನ್ನೇ ಅನುಸರಿಸಿತು.

ಇಷ್ಟೆಲ್ಲ ಸರಿ, ಆದರೆ ಇದನ್ನು ಸ್ಥಾಪಿಸುವವರು ಯಾರು? ಶಾಸನವನ್ನು ಮುಂದಿಟ್ಟು ಆಸ್ತಿಯನ್ನು ಕೇಳುವವರೇ. ಈ ವಿಷಯದಲ್ಲಿ ಭಾರತಕ್ಕೆಲ್ಲ ದಾರಿದೀಪವಾದ ತೀರ್ಪು ಮೈಸೂರು ಸೀಮೆಯ ಮೊಕದ್ದಮೆಯೊಂದರಿಂದ ಹುಟ್ಟಿತೆಂಬುದು ನಮಗೆ ಸ್ಮರಣೀಯ. ೧೯೪೫ರಲ್ಲಿ ಮಹಿಳೆಯೊಬ್ಬರು ಬರೆದರೆನ್ನಲಾದ ಶಾಸನದ ಬಗ್ಗೆ ವಿವಾದ ಬಂತು. ವೆಂಕಟಾಚಲ ಅಯ್ಯಂಗಾರ್ ಮೊಕದ್ದಮೆಯೆಂದು ಪ್ರಸಿದ್ಧವಾದ ಇದರಲ್ಲಿ ೧೯೫೮ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಪರವಾಗಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ತೀರ್ಪು ಕೊಟ್ಟರು. ಶಾಸನವನ್ನು ಮುಂದಿಟ್ಟವರೇ ಅದನ್ನು ಮಾಡಿಸುವುದರಲ್ಲಿ ಮುಂದಾಳಾಗಿದ್ದು, ಲಾಭವೂ ಅವರ ಕಡೆಗೇ ಬಂದಿದ್ದರೆ ಅದು ಸಂದೇಹಕ್ಕೆ ಎಡೆ. ನಡುಗುವ ಅನುಮಾನಾಸ್ಪದ ರುಜು, ಕುಂದಿದ ಮನಸ್ಸು, ಅಸಹಜವಾದ ವಿನಿಯೋಗ, ಇವೂ ಅಂಥವೇ. ಇಂಥ ಸಂದೇಹಗಳನ್ನು ಅವರೇ ಪರಿಹರಿಸಿ ನ್ಯಾಯಸ್ಥಾನದ ಅಂತಃಸಾಕ್ಷಿಗೆ ಸಮಾಧಾನವಾಗುವಂತೆ ಮಾಡಬೇಕೆಂದು ಆ ತೀರ್ಪು ವಿಧಿಸಿತು. ಆ ಮೊಕದ್ದಮೆಯಲ್ಲಿ ಸಮಾಧಾನವಾಗಲಿಲ್ಲ, ಶಾಸನ ನಿಲ್ಲಲಿಲ್ಲ.

ಆದಕಾರಣ ಮರಣಶಾಸನ ಮಾಡುವವರೂ ಅವರ ಹಿತಚಿಂತಕರೂ ಕೆಲವು ಎಚ್ಚರಿಕೆಗಳನ್ನು ಮನಸ್ಸಿನಲ್ಲಿಡಬೇಕು. ವಯಸ್ಸಾದವರೂ ಕಾಯಿಲೆಯವರೂ ಶಾಸನ ಮಾಡುವಾಗ ವೈದ್ಯರೊಬ್ಬರು ಪರೀಕ್ಷಿಸಿ, ಕಂಡದ್ದನ್ನು ಬರೆದಿಟ್ಟು, ಸಾಧ್ಯವಾದರೆ ಸಾಕ್ಷಿಯೂ ಆಗುವುದು ಮೇಲು. ಇಂಗ್ಲೆಂಡಿನಲ್ಲಿ ನ್ಯಾಯಾಧಿಪತಿ ಟೆಂಪಲ್‌ಮನ್ ೧೯೭೫ರಲ್ಲಿ ಈ ಸಲಹೆ ಕೊಟ್ಟನು. ಅದಕ್ಕೆ ಬಂಗಾರದ ಸೂತ್ರವೆಂದೇ ಹೆಸರಾಯಿತು. ಆಸ್ತಿ ಪಡೆಯುವವರು ಆ ಹೊತ್ತಿನಲ್ಲಿ ಕೋಣೆಯಿಂದ ಹೊರಗಿರಲಿ. ಹೌದು ಅಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳನ್ನು ಕೇಳದೆ, ನಿಮಗೇನೇನಿದೆ, ಯಾರು ಯಾರಿದ್ದಾರೆ, ಹೀಗೇಕೆ ಕೊಡುತ್ತಿದ್ದೀರಿ ಎಂದು ಕೇಳಿ, ಅವರ ಮಾತಿನಲ್ಲಿಯೇ ಬರೆದುಕೊಳ್ಳಲಿ. ಯಾರನ್ನಾದರೂ ಬಿಟ್ಟರೆ ಕಾರಣವನ್ನು ಒಂದು ಸಾಲಿನಲ್ಲಾದರೂ ಹೇಳಲಿ. ಇಬ್ಬರು ಸಾಕ್ಷಿಗಳು ಕಾಯಿದೆಯ ಕಟ್ಟಳೆ; ಆ ಸಾಕ್ಷಿಗಳು ಮುಂದೆ ಬದುಕಿದ್ದು ಬಂದು ಹೇಳಬಲ್ಲವರಾದರೆ ಉತ್ತಮ. ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ನೋಂದಣಿ ಮಾಡಿಸುವುದು ಒಳ್ಳೆಯದೇ, ಆದರೆ ಕಡ್ಡಾಯವಲ್ಲ. ನೋಂದಾಯಿಸಿದ ಮಾತ್ರಕ್ಕೆ ಬುದ್ಧಿ ಸ್ವಸ್ಥವಾಗಿತ್ತೆಂಬುದು ಸಿದ್ಧವಾಗುವುದೂ ಇಲ್ಲ. ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆ, ಈ ಕೆಲಸವನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳದಿರುವುದು. ಮರಣಶಾಸನ ಬರೆದರೆ ಮರಣ ಹತ್ತಿರವಾಗುವುದೆಂಬ ಅಂಜಿಕೆಯಿಂದ ತಡಮಾಡುವವರು ಇನ್ನೂ ಇದ್ದಾರೆ.

ಮನೋರೋಗಕ್ಕೆ ಚಿಕಿತ್ಸೆ ಪಡೆದವರ ವಿಷಯದಲ್ಲಿ ಒಂದು ಮಾತು ಉಳಿದಿದೆ. ೨೦೧೭ರ ಮಾನಸಿಕ ಆರೋಗ್ಯಪಾಲನೆಯ ಕಾಯಿದೆ, ಮನೋರೋಗವಿದೆಯೆಂದು ನಿರ್ಧರಿಸಿದ ಮಾತ್ರಕ್ಕೆ, ಸಮರ್ಥ ನ್ಯಾಯಸ್ಥಾನ ಹಾಗೆ ಘೋಷಿಸದ ಹೊರತು, ಒಬ್ಬನನ್ನು ಅಸ್ವಸ್ಥಚಿತ್ತನೆಂದು ಎಣಿಸತಕ್ಕದ್ದಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಹದಿನೈದು ಮನೆಗಳ ಜಾನ್ ಬ್ಯಾಂಕ್ಸನಿಗೆ ೧೮೭೦ರಲ್ಲಿ ದೊರೆತ ನ್ಯಾಯಕ್ಕೂ ಇದಕ್ಕೂ ಒಂದೇ ಬೇರು.

ನಮ್ಮ ಹಿರಿಯರ ಬುದ್ಧಿಯ ಬಗ್ಗೆ ನಾವು ತೀರ್ಪು ಹೇಳುವಾಗ ಸಾಮಾನ್ಯವಾಗಿ ನಮ್ಮ ಲಾಭನಷ್ಟ ಆ ತೀರ್ಪಿನ ಬೆನ್ನಿಗೆ ನಿಂತಿರುತ್ತದೆ. ನಮಗೆ ಬರೆದರೆ ತಾಯಿಯ ಬುದ್ಧಿ ಸೂಕ್ಷ್ಮ. ತಮ್ಮನಿಗೆ ಬರೆದರೆ ಅರಳುಮರಳು. ಕಾಯಿದೆ ಕೇಳುವ ನಾಲ್ಕು ಪ್ರಶ್ನೆಗಳನ್ನು, ಆಸ್ತಿ ಯಾರ ಕಡೆಗೆ ಹೋಗುತ್ತದೆಂಬುದನ್ನು ಮರೆತು ಒಮ್ಮೆ ಕೇಳಿಕೊಂಡರೆ ಎಷ್ಟೋ ಮನೆಗಳ ವ್ಯಾಜ್ಯ ಮನೆಯಲ್ಲಿಯೇ ಮುಗಿದೀತು. ಮರೆತುಹೋದ ಊಟದ ಆಚೆಗೆ, ತಪ್ಪಿ ಕರೆದ ಹೆಸರಿನ ಆಚೆಗೆ, ತನ್ನದನ್ನು ಯಾರಿಗೆ ಕೊಡಬೇಕೆಂದು ಅರಿತಿರುವ ಮನಸ್ಸು ಇನ್ನೂ ಇದೆಯೇ ಎಂದು ಅವರ ಹತ್ತಿರ ಕುಳಿತು ಸಾವಧಾನವಾಗಿ ಕೇಳುವುದು ಮಕ್ಕಳಾದವರ ಕರ್ತವ್ಯ. ಇದ್ದರೆ ಅದಕ್ಕೆ ತಲೆಬಾಗೋಣ. ಇಲ್ಲದಿದ್ದರೆ ಅವರ ಹೆಬ್ಬೆರಳನ್ನು ಶಾಯಿಗೆ ಅದ್ದದೆ ಇರೋಣ.